ಮೂಲ ಮುಟ್ಟದೆ ತಿದ್ದುವ ದಾರಿ: ವರ್ಡ್‌ಪ್ರೆಸ್ ಬೆಳೆದ ಬಗೆ

ಜಗತ್ತಿನ ಜಾಲತಾಣಗಳಲ್ಲಿ ಶೇ 40ಕ್ಕೂ ಹೆಚ್ಚು ತಾಣಗಳು ಇಂದು ನಡೆಯುತ್ತಿರುವುದು ವರ್ಡ್‌ಪ್ರೆಸ್ ಎಂಬ ಒಂದೇ ತಂತ್ರಾಂಶದ ಮೇಲೆ. ಸುದ್ದಿತಾಣ, ಕಾಲೇಜು, ಸೀರೆ ಅಂಗಡಿ, ಕವಿಯೊಬ್ಬರ ಪುಟ ಹೀಗೆ ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದ ತಾಣಗಳ ಒಳಗೆ ಕೆಲಸ ಮಾಡುವ ಮೂಲ ಕಡತಗಳು ಮಾತ್ರ ಒಂದೇ. ಅವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ತೆರೆದು ಓದಬಹುದು, ತಿದ್ದಬಹುದು. ತಿದ್ದುವ ಹಕ್ಕು ಮೊದಲ ದಿನದಿಂದಲೂ ಇತ್ತು. ತಿದ್ದಿದ್ದು ಅಳಿಯದೆ ಉಳಿಯುವ ದಾರಿ ಸಿಕ್ಕಿದ್ದು ಆಮೇಲೆ. ವರ್ಡ್‌ಪ್ರೆಸ್ಸನ್ನು ಗೆಲ್ಲಿಸಿದ್ದು ಮುಖ್ಯವಾಗಿ ಈ ಎರಡನೆಯದು.

ವರ್ಡ್‌ಪ್ರೆಸ್ಸಿನ ಬೇರು ಬಿ2 ಎಂಬ ಪುಟ್ಟ ಬ್ಲಾಗ್ ತಂತ್ರಾಂಶದಲ್ಲಿದೆ. 2001ರಲ್ಲಿ ಮಿಶೆಲ್ ವಾಲ್ಡ್ರಿಗಿ ಅದನ್ನು ಪಿಎಚ್‌ಪಿ ಭಾಷೆಯಲ್ಲಿ ಬರೆದರು. ಬರಹಗಳು ಮೈಎಸ್‌ಕ್ಯುಎಲ್ ದತ್ತಸಂಚಯದಲ್ಲಿ ಕೂರುತ್ತಿದ್ದವು. ಕೆಲಕಾಲದ ನಂತರ ಅದರ ಅಭಿವೃದ್ಧಿ ನಿಂತುಹೋಯಿತು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಓದುತ್ತಿದ್ದ 19ರ ಹರೆಯದ ಮ್ಯಾಟ್ ಮಲೆನ್‌ವೆಗ್, ಬಿ2 ಅನ್ನು ತಾನೇ ಮುಂದುವರಿಸುವ ಆಲೋಚನೆಯನ್ನು 2003ರ ಜನವರಿಯಲ್ಲಿ ಬರೆದುಕೊಂಡರು. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿದ್ದ ಮೈಕ್ ಲಿಟಲ್, ತಾನೂ ಕೈಜೋಡಿಸುವುದಾಗಿ ಪ್ರತಿಕ್ರಿಯಿಸಿದರು. ಅದೇ ವರ್ಷ ಮೇ 27ರಂದು ವರ್ಡ್‌ಪ್ರೆಸ್ 0.7 ಹೊರಬಂತು.

ಬಿ2 ಜಿಪಿಎಲ್ ಪರವಾನಗಿಯಲ್ಲಿತ್ತು. ಆ ಪರವಾನಗಿ ಇಲ್ಲದಿದ್ದರೆ ಬಿ2 ಅದರ ಲೇಖಕನ ಜೊತೆಗೇ ಮರೆಯಾಗುತ್ತಿತ್ತು. ಜಿಪಿಎಲ್ ಪ್ರಕಾರ ಕೋಡನ್ನು ಯಾರು ಬೇಕಾದರೂ ಬದಲಿಸಿ ಹಂಚಬಹುದು. ಆದರೆ ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು. ಇದರ ಬೆಲೆ ಜನರಿಗೆ ತಿಳಿದದ್ದು 2004ರ ಮೇ ತಿಂಗಳಲ್ಲಿ. ಆಗ ಬಹಳ ಜನಪ್ರಿಯವಾಗಿದ್ದ ಮೂವೆಬಲ್ ಟೈಪ್ ಎಂಬ ಬ್ಲಾಗ್ ತಂತ್ರಾಂಶ ತನ್ನ 3.0 ಆವೃತ್ತಿಗೆ ಹೊಸ ಷರತ್ತು ಹಾಕಿ, ಉಚಿತ ಬಳಕೆಗೆ ಮಿತಿ ಹೇರಿತು. ಸಿಟ್ಟಿಗೆದ್ದ ಬಳಕೆದಾರರು ಬೇರೆ ನೆಲೆ ಹುಡುಕುತ್ತಿದ್ದ ಅದೇ ತಿಂಗಳು ವರ್ಡ್‌ಪ್ರೆಸ್ 1.2 ಬಂತು. ಹಳೆಯ ಬರಹಗಳನ್ನು ಮೂವೆಬಲ್ ಟೈಪಿನಿಂದ ತಂದುಕೊಳ್ಳುವ ಸೌಕರ್ಯವೂ ಅದರಲ್ಲಿತ್ತು.

1.2ರ ನಿಜವಾದ ಕೊಡುಗೆ ಪ್ಲಗಿನ್. ಅಲ್ಲಿಯವರೆಗೆ ಹೊಸ ಸೌಲಭ್ಯ ಬೇಕೆಂದರೆ ಮೂಲ ಕಡತವನ್ನು ತೆರೆದು, ಇಂಥ ಸಾಲಿನ ಕೆಳಗೆ ಇಷ್ಟು ಸಾಲುಗಳನ್ನು ಅಂಟಿಸಬೇಕಿತ್ತು. ಮುಂದಿನ ಆವೃತ್ತಿ ಹಾಕಿಕೊಂಡ ಕೂಡಲೇ ಆ ಸಾಲುಗಳೆಲ್ಲ ಅಳಿಸಿಹೋಗುತ್ತಿದ್ದವು. ಇದಕ್ಕೆ ಕಂಡುಕೊಂಡ ಉಪಾಯವೇ ಹುಕ್. ಮನೆ ಕಟ್ಟುವಾಗಲೇ ಗೋಡೆಯೊಳಗೆ ವೈರಿಂಗ್ ಪೈಪ್ ಬಿಟ್ಟರೆ ಮುಂದೆ ಗೋಡೆ ಒಡೆಯುವ ಪ್ರಮೇಯ ಬರುವುದಿಲ್ಲವಲ್ಲ, ಹಾಗೆ ಮೂಲ ಕೋಡಿನ ನಡುನಡುವೆ ಹೆಸರಿಟ್ಟ ಜಾಗಗಳನ್ನು ಬಿಡಲಾಯಿತು. ಓಡುತ್ತಾ ಆ ಜಾಗಕ್ಕೆ ಬಂದಾಗ ವರ್ಡ್‌ಪ್ರೆಸ್ ಒಂದು ಕ್ಷಣ ನಿಂತು, ಇಲ್ಲಿ ಯಾರಾದರೂ ಕೆಲಸ ನೋಂದಾಯಿಸಿದ್ದಾರೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನು ನಡೆಸಿ ಮುಂದುವರಿಯುತ್ತದೆ. ಹೀಗೆ ಕೆಲಸ ನೋಂದಾಯಿಸುವ ಪ್ರತ್ಯೇಕ ಕೋಡೇ ಪ್ಲಗಿನ್. ಬರಹ ಪ್ರಕಟವಾದೊಡನೆ ಇಮೇಲ್ ಕಳಿಸುವಂಥ ಕೆಲಸ ಆ್ಯಕ್ಷನ್. ತೆರೆಯ ಮೇಲೆ ಮೂಡುವ ಮುನ್ನ ಪಠ್ಯವನ್ನು ಕೈಗೆ ಪಡೆದು, ತಿದ್ದಿ ಹಿಂದಿರುಗಿಸುವಂಥದ್ದು ಫಿಲ್ಟರ್. ಇಂದು ಅಧಿಕೃತ ಸಂಗ್ರಹದಲ್ಲಿರುವ ಹತ್ತಾರು ಸಾವಿರ ಉಚಿತ ಪ್ಲಗಿನ್‌ಗಳು ನಿಂತಿರುವುದು ಈ ಎರಡರ ಮೇಲೆಯೇ.

2005ರ ಫೆಬ್ರುವರಿಯಲ್ಲಿ ಬಂದ 1.5 ಆವೃತ್ತಿ ಇದೇ ತತ್ವವನ್ನು ತಾಣದ ಹೊರನೋಟಕ್ಕೂ ತಂದಿತು. ಬರಹ ದತ್ತಸಂಚಯದಲ್ಲಿ, ವಿನ್ಯಾಸ ಥೀಮ್ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿ. ಥೀಮ್ ಬದಲಿಸಿದರೆ ನೂರಾರು ಲೇಖನಗಳು ಒಮ್ಮೆಗೇ ಹೊಸ ರೂಪ ತಾಳುತ್ತವೆ. ಮುಂದೆ ಚೈಲ್ಡ್ ಥೀಮ್ ಪದ್ಧತಿ ಬಲಗೊಂಡಿತು: ಹೊಸ ಫೋಲ್ಡರಿನಲ್ಲಿ ಒಂದು ಸಿಎಸ್‌ಎಸ್ ಕಡತವಿಟ್ಟು, ಅದರ ತಲೆಬರಹದಲ್ಲಿ ಮೂಲ ಥೀಮಿನ ಫೋಲ್ಡರ್ ಹೆಸರನ್ನು ಬರೆದರೆ ಸಾಕು. ಬದಲಿಸಬೇಕಾದ ಕಡತವನ್ನಷ್ಟೇ ಅಲ್ಲಿಗೆ ನಕಲು ಮಾಡಿ ತಿದ್ದಬಹುದು. ಉಳಿದುದನ್ನೆಲ್ಲ ಮೂಲ ಥೀಮ್ ಒದಗಿಸುತ್ತದೆ. ಎಷ್ಟೋ ಜನ ಈಗಲೂ ಮೂಲ ಥೀಮನ್ನೇ ತಿದ್ದಿ, ಅಪ್‌ಡೇಟ್ ಆದ ಮರುಕ್ಷಣ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಹತ್ತು ನಿಮಿಷದ ಸೋಮಾರಿತನಕ್ಕೆ ಇದು ದುಬಾರಿ ದಂಡ.

ಕನ್ನಡದ ತಾಣ ಕಟ್ಟುವವರಿಗೆ ಹುಕ್‌ಗಳ ಬೆಲೆ ಲೇಖನದ ವಿಳಾಸದಲ್ಲೇ ಕಾಣುತ್ತದೆ. ಶೀರ್ಷಿಕೆಯಿಂದ ವರ್ಡ್‌ಪ್ರೆಸ್ ತಾನೇ ವಿಳಾಸ ತಯಾರಿಸುತ್ತದೆ, ಅದಕ್ಕೆ ಮೀಸಲಾದ ಜಾಗ 200 ಅಕ್ಷರ. ಇಂಗ್ಲಿಷಿಗೆ ಇದು ಧಾರಾಳ. ಆದರೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ವಿಳಾಸದಲ್ಲಿ ಬರೆಯುವಾಗ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಡನೆ 3 ಅಕ್ಷರವಾಗುತ್ತದೆ. ಅಂದರೆ ಒಂದು ಸಂಕೇತಕ್ಕೆ 9. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ 5 ಸಂಕೇತಗಳಿವೆ. ಅದೊಂದೇ 45 ಅಕ್ಷರ ನುಂಗುತ್ತದೆ. ಶೀರ್ಷಿಕೆ 22 ಸಂಕೇತ ದಾಟಿದರೆ ವಿಳಾಸ ಪದದ ನಡುವೆಯೇ ತುಂಡಾಗಬಹುದು. ಇದಕ್ಕೆ ಮೂಲ ಕೋಡನ್ನು ಮುಟ್ಟಬೇಕಿಲ್ಲ. ವಿಳಾಸ ತಯಾರಿಸುವ ಕೆಲಸವನ್ನು ವರ್ಡ್‌ಪ್ರೆಸ್ ತನ್ನೊಳಗೂ ಒಂದು ಫಿಲ್ಟರ್ ಮೂಲಕವೇ ಮಾಡಿಸುತ್ತದೆ. ಅದೇ ಫಿಲ್ಟರಿಗೆ, ಅದಕ್ಕೂ ಮೊದಲು ಓಡುವಂತೆ, ಕನ್ನಡವನ್ನು ರೋಮನ್ ಲಿಪಿಗೆ ತಿರುಗಿಸುವ ಪುಟ್ಟ ಪ್ಲಗಿನ್ ಜೋಡಿಸಿದರಾಯಿತು. ಕೋಡ್ ಬರೆಯಲು ಬಾರದವರು ವಿಳಾಸದ ಪೆಟ್ಟಿಗೆಯಲ್ಲಿ ಎರಡು ರೋಮನ್ ಪದಗಳನ್ನು ತಾವೇ ಟೈಪಿಸಬಹುದು.

2010ರ ಜೂನ್‌ನಲ್ಲಿ ಬಂದ 3.0 ಆವೃತ್ತಿಯಿಂದ ವರ್ಡ್‌ಪ್ರೆಸ್ಸನ್ನು ಬರೀ ಬ್ಲಾಗ್ ತಂತ್ರಾಂಶವೆನ್ನುವುದು ತಪ್ಪಾಯಿತು. ಕಸ್ಟಮ್ ಪೋಸ್ಟ್ ಟೈಪ್ ಬಳಕೆ ಅದರಲ್ಲಿ ಸುಲಭವಾಯಿತು: ಯಕ್ಷಗಾನ ಮೇಳವೊಂದು ತನ್ನ ತಾಣದಲ್ಲಿ ಪ್ರಸಂಗ, ಕಲಾವಿದ, ಪ್ರದರ್ಶನ ಎಂಬ ಬೇರೆಬೇರೆ ಬಗೆಗಳನ್ನು ಮಾಡಿ, ಪ್ರತಿಯೊಂದಕ್ಕೂ ಅದರದೇ ವಿನ್ಯಾಸ ಕೊಡಬಹುದು.

2018ರ ಡಿಸೆಂಬರ್ 6ರಂದು 5.0 ಜೊತೆ ಬಂದ ಗುಟೆನ್‌ಬರ್ಗ್ ಸಂಪಾದಕ ಎಲ್ಲರಿಗೂ ಹಿಡಿಸಲಿಲ್ಲ. ಪ್ಯಾರಾ, ಚಿತ್ರ, ಪಟ್ಟಿ ಪ್ರತಿಯೊಂದೂ ಅದರಲ್ಲಿ ಬೇರೆ ಬ್ಲಾಕ್. ಹಳೆಯ ಸಂಪಾದಕವೇ ಬೇಕೆಂದವರಿಗಾಗಿ ಕ್ಲಾಸಿಕ್ ಎಡಿಟರ್ ಪ್ಲಗಿನ್ ಕೊಡಬೇಕಾಯಿತು. ಇನ್ನು ಕೆಲವರು ಜಿಪಿಎಲ್ ಕೊಟ್ಟ ಹಕ್ಕನ್ನೇ ಬಳಸಿ ಕ್ಲಾಸಿಕ್‌ಪ್ರೆಸ್ ಎಂಬ ಕವಲು ತೆಗೆದರು. 2022ರ ಜನವರಿಯ 5.9 ಆವೃತ್ತಿಯಿಂದ ತಲೆಪಟ್ಟಿ, ಅಡಿಪಟ್ಟಿ ಸೇರಿ ಇಡೀ ತಾಣವನ್ನೇ ಬ್ಲಾಕ್‌ಗಳಲ್ಲಿ ಕಟ್ಟಬಹುದಾಗಿದೆ. ಕೋಡ್ ಅರಿಯದವರಿಗೆ ಇದು ದೊಡ್ಡ ಅನುಕೂಲ, ಮೊದಲ ಕೆಲವು ದಿನದ ಗೊಂದಲವನ್ನು ಸಹಿಸಿಕೊಂಡರೆ.

ವರ್ಡ್‌ಪ್ರೆಸ್ಸಿನ ಮೆನು, ಸೂಚನೆ, ದೋಷ ಸಂದೇಶಗಳೆಲ್ಲ ಕನ್ನಡಕ್ಕೆ ಬರುವುದು ಸ್ವಯಂಸೇವಕರ ಅನುವಾದದಿಂದ. ಅದಕ್ಕೆ ಕೋಡ್ ಬರೆಯಲು ಗೊತ್ತಿರಬೇಕಿಲ್ಲ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಉಚಿತ ಖಾತೆ ತೆರೆದು, ಅನುವಾದ ವಿಭಾಗದಲ್ಲಿ ಕನ್ನಡ ಆರಿಸಿಕೊಂಡರೆ ಬಾಕಿ ಸಾಲುಗಳು ಒಂದೊಂದಾಗಿ ಕಾಣುತ್ತವೆ. ಒಳ್ಳೆಯ ಕನ್ನಡ ಬರೆಯಬಲ್ಲವರು ವಾರಕ್ಕೆ ಹತ್ತು ಸಾಲು ಸೂಚಿಸಿದರೂ ಮುಂದೆ ತಾಣ ಕಟ್ಟುವ ಕನ್ನಡಿಗರಿಗೆಲ್ಲ ಅದು ಸಲ್ಲುತ್ತದೆ.