ನೋವಿನ ನರಕ್ಕೆ ಕ್ಯಾಲ್ಸಿಯಂ ಕಡಿವಾಣ

ಕ್ಯಾಲ್ಸಿಯಂ ಎಂದೊಡನೆ ನಮಗೆ ನೆನಪಾಗುವುದು ಹಾಲು, ರಾಗಿ, ಮೂಳೆ, ಹಲ್ಲು. ಆದರೆ ಸುಟ್ಟ ಬೆರಳಿನ ಉರಿಯನ್ನು ಮಿದುಳಿಗೆ ಮುಟ್ಟಿಸುವ ನರಕೋಶದೊಳಗೂ ಈ ಖನಿಜಕ್ಕೆ ಕೆಲಸವುಂಟು.

ಸ್ಪರ್ಶ, ಬಿಸಿ, ನೋವುಗಳ ಸುದ್ದಿ ಒಯ್ಯುವ ಸಂವೇದನಾ ನರಕೋಶಗಳು ಬೆನ್ನುಹುರಿಯ ಪಕ್ಕದ ಸಣ್ಣ ಗಂಟುಗಳಲ್ಲಿ ನೆಲೆಸಿವೆ. ಅವುಗಳ ಎಳೆಗಳು ಬೆರಳ ತುದಿಯವರೆಗೂ ಚಾಚಿರುತ್ತವೆ. ವಿಶ್ರಾಂತಿಯಲ್ಲಿರುವ ಕೋಶದ ಒಳಭಾಗ ಹೊರಗಿಗಿಂತ ಸುಮಾರು 60ರಿಂದ 70 ಮಿಲಿವೋಲ್ಟ್‌ನಷ್ಟು ಋಣ. ಮುಳ್ಳು ಚುಚ್ಚಿದಾಗ ಸೋಡಿಯಂ ಅಯಾನುಗಳು ಒಳನುಗ್ಗಿ, ಈ ಸ್ಥಿತಿ ಕ್ಷಣಮಾತ್ರ ತಿರುಗುಮುರುಗಾಗುತ್ತದೆ. ಇದೇ ನರದ ವಿದ್ಯುತ್ ಸಂಕೇತ.

ಇಲ್ಲಿ ಕ್ಯಾಲ್ಸಿಯಂ ಪಾತ್ರವೇನು? ಕೋಶದ ಒಳಗೆ ಮುಕ್ತ ಕ್ಯಾಲ್ಸಿಯಂ ಬಲು ಕಡಿಮೆ. ಹೊರಗಿರುವುದರ ಸುಮಾರು 10,000ದಲ್ಲಿ ಒಂದು ಪಾಲು. ಒಳಬಂದದ್ದನ್ನು ಕೋಶಪೊರೆಯ ಪಂಪುಗಳು ಹೊರದೂಡುತ್ತಲೇ ಇರುತ್ತವೆ. ಸಂಕೇತ ಹುಟ್ಟಿದಾಗ ಕ್ಯಾಲ್ಸಿಯಂ ದ್ವಾರಗಳು ತೆರೆದುಕೊಳ್ಳುತ್ತವೆ. ಒಳಬಂದ ಕ್ಯಾಲ್ಸಿಯಂ, ಪೊಟ್ಯಾಸಿಯಂನ ಕೆಲವು ದ್ವಾರಗಳನ್ನು ತೆರೆಸುತ್ತದೆ. ಧನ ವಿದ್ಯುದಂಶವುಳ್ಳ ಪೊಟ್ಯಾಸಿಯಂ ಹೊರಹೋದಂತೆ ಕೋಶದ ಒಳಭಾಗ ಇನ್ನಷ್ಟು ಋಣವಾಗುತ್ತದೆ. ಮತ್ತೊಂದು ಸಂಕೇತ ಏಳಬೇಕಾದರೆ ಹೆಚ್ಚಿನ ಪ್ರಚೋದನೆ ಬೇಕು. ಹೀಗೆ ಕೋಶದ ಉದ್ರೇಕಕ್ಕೆ ಕಡಿವಾಣ ಬೀಳುತ್ತದೆ.

ಈ ಕಡಿವಾಣ ಸಡಿಲವಾದರೆ? ನರಕ್ಕೆ ಪೆಟ್ಟು ಬಿದ್ದ ಇಲಿಗಳ ಸಂವೇದನಾ ಕೋಶಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಉತ್ತರ ಸಿಕ್ಕಿದೆ. ಪೆಟ್ಟು ತಿಂದ ಕೋಶಗಳಿಗೆ ಕ್ಯಾಲ್ಸಿಯಂ ಒಳಹರಿವು ಕುಗ್ಗಿತ್ತು. ಸಣ್ಣ ಪ್ರಚೋದನೆಗೂ ಅವು ಸಾಲುಸಾಲಾಗಿ ಸಂಕೇತ ಹೊರಡಿಸುತ್ತಿದ್ದವು.

ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ನೋವು ಹೋದೀತೆ? ಇಲ್ಲ. ಕೋಶದೊಳಗಿನ ಪ್ರಮಾಣವನ್ನು ನಿರ್ಧರಿಸುವುದು ಅದರ ದ್ವಾರಗಳು ಮತ್ತು ಪಂಪುಗಳೇ ಹೊರತು ನಾವು ತಿನ್ನುವ ಮಾತ್ರೆಯಲ್ಲ. ಅಲ್ಲದೆ, ಬೆನ್ನುಹುರಿಯೊಳಗಿನ ನರದ ತುದಿಯಲ್ಲಿ ಇದೇ ಕ್ಯಾಲ್ಸಿಯಂ ತದ್ವಿರುದ್ಧ ಕೆಲಸ ಮಾಡುತ್ತದೆ. ಅಲ್ಲಿ ರಾಸಾಯನಿಕಗಳನ್ನು ಬಿಡುಗಡೆ ಮಾಡಿಸಿ ನೋವಿನ ಸುದ್ದಿಯನ್ನು ಮುಂದಕ್ಕೆ ದಾಟಿಸುತ್ತದೆ. ನರದ ನೋವಿಗೆ ವೈದ್ಯರು ಕೊಡುವ ಗ್ಯಾಬಪೆಂಟಿನ್ ಔಷಧಿ ಕ್ಯಾಲ್ಸಿಯಂ ದ್ವಾರದ ಒಂದು ಭಾಗಕ್ಕೆ ಅಂಟಿಕೊಂಡು ಈ ಬಿಡುಗಡೆಯನ್ನು ತಗ್ಗಿಸುತ್ತದೆ.

ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳುಗಳಾದರೂ ಅಜ್ಜ ಉರಿಯೆಂದು ನರಳುವುದುಂಟು. ಸಕ್ಕರೆ ಕಾಯಿಲೆಯ ಅಜ್ಜಿ ರಾತ್ರಿಯಿಡೀ ಅಂಗಾಲು ಉರಿಯೆನ್ನುವುದುಂಟು. "ಗಾಯವೇ ಇಲ್ಲ, ನೋವೆಲ್ಲಿಂದ ಬರುತ್ತೆ?" ಎಂದು ಮನೆಯವರು ಗದರಬಾರದು. ಚರ್ಮ ಮಾಯ್ದಿದ್ದರೂ ಒಳಗಿನ ನರ ಮಾಯ್ದಿರಲಾರದು. ಅಂಥವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಆ ನೋವು ನಟನೆಯಲ್ಲ.