ಡಿಸ್ಕ್ ಇದೆ, ಯಂತ್ರಕ್ಕೆ ಕಾಣುತ್ತಿಲ್ಲ

ಟ್ರೇ ಒಳಗೆ ಸರಿಯುತ್ತದೆ. ಎರಡು ಮೂರು ಸಲ ಸಣ್ಣಗೆ ಟಿಕ್ ಟಿಕ್ ಸದ್ದು. ಸ್ವಲ್ಪ ಹೊತ್ತು ಮೌನ. ಆಮೇಲೆ ಪರದೆಯ ಮೇಲೆ ಎರಡೇ ಪದ: ‘ನೋ ಡಿಸ್ಕ್’. ಹತ್ತು ಹದಿನೈದು ಕೆ.ಜಿ. ತೂಗುವ, ಕೊಂಡಾಗ ಒಂದು ಸ್ಕೂಟರಿನಷ್ಟು ಬೆಲೆ ತೆತ್ತ ಸಿಡಿ ಪ್ಲೇಯರ್ ಒಂದು ಬೆಳಗ್ಗೆ ಹೀಗೆ ಹಟ ಹಿಡಿದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಆ ಮಾದರಿ ನಿಂತು ವರ್ಷಗಳಾಗಿರುತ್ತವೆ, ಬಿಡಿಭಾಗ ಕೇಳಿದರೆ ಇಲ್ಲ ಎಂಬ ಉತ್ತರ. ರಿಪೇರಿ ಅಂಗಡಿಯಲ್ಲಿ ಮುಚ್ಚಳ ತೆಗೆಯುವ ಮೊದಲೇ ‘ಲೆನ್ಸ್ ಹೋಗಿದೆ’ ಎಂಬ ತೀರ್ಪು ಸಿಗುವುದೂ ಉಂಟು. ಆ ತೀರ್ಪು ಎಷ್ಟೋ ಸಲ ತಪ್ಪು. ಲೆನ್ಸಿನ ಮೇಲೆ ಗೂಬೆ ಕೂರಿಸುವ ಮುನ್ನ ನೋಡಬೇಕಾದ ಸಂಗತಿಗಳು ಹಲವಿವೆ. ತಾಳ್ಮೆ ಇದ್ದವರು ಅವುಗಳಲ್ಲಿ ಬಹುಪಾಲನ್ನು ಮನೆಯಲ್ಲೇ ನೋಡಬಹುದು.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರ ಅಕ್ಟೋಬರ್ 1ರಂದು, ಜಪಾನಿನಲ್ಲಿ. ಅಂದು ಮಾರಾಟಕ್ಕಿಟ್ಟ ಸೋನಿ ಸಿಡಿಪಿ-101ರ ಬೆಲೆ 1,68,000 ಯೆನ್. ಫಿಲಿಪ್ಸ್ ಮತ್ತು ಸೋನಿ ಕೂಡಿ ಗೊತ್ತುಮಾಡಿದ ತಟ್ಟೆಯ ಅಳತೆಗಳು ಇಂದಿಗೂ ಅವೇ. ಹಾಗಾಗಿ ಹಳೆಯ ಯಂತ್ರದ ಕಾಯಿಲೆಗೂ ಹೊಸದರ ಕಾಯಿಲೆಗೂ ನಂಟಿದೆ. 12 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಐದು ಕಿಲೋಮೀಟರಿಗೂ ಉದ್ದದ ಒಂದೇ ಒಂದು ಸುರುಳಿ ದಾರಿ, ಒಳಗಿನಿಂದ ಹೊರಕ್ಕೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರಾನ್. ತಿರುಗುವಾಗ ತಟ್ಟೆ ಅರ್ಧ ಮಿಲಿಮೀಟರಿನಷ್ಟು ಮೇಲೆ ಕೆಳಗೆ ಓಲಾಡಿದರೂ ಕಿರಣದ ಫೋಕಸ್ ಒಂದೆರಡು ಮೈಕ್ರಾನಿಗಿಂತ ಹೆಚ್ಚು ಆಚೀಚೆ ಆಗುವಂತಿಲ್ಲ. ಕೂದಲಿಗಿಂತ ತೆಳುವಾದ ಈ ಮಿತಿ ಮೀರದಂತೆ ಆ ಓಲಾಟವನ್ನು ಲೆನ್ಸಿಗೆ ಅಂಟಿದ ಪುಟ್ಟ ಕಾಯಿಲ್‌ಗಳು ಕ್ಷಣಕ್ಷಣವೂ ಸರಿದೂಗಿಸುತ್ತಿರುತ್ತವೆ. ಇಷ್ಟು ನಾಜೂಕಿನ ಕೆಲಸ ಮೂವತ್ತು ನಲವತ್ತು ವರ್ಷ ನಡೆದದ್ದೇ ನಿಜವಾದ ಸೋಜಿಗ.

ಕೆಟ್ಟಿದ್ದೆಲ್ಲಿ ಎಂದು ತಿಳಿಯಲು ಮೊದಲು ಸ್ಕ್ರೂಡ್ರೈವರ್ ಬೇಡ, ಕಿವಿ ಬೇಕು. ಟ್ರೇ ಮುಚ್ಚಿದ ಮೇಲಿನ ಐದು ಸೆಕೆಂಡುಗಳಲ್ಲಿ ಯಂತ್ರ ತನ್ನ ಕೆಲಸಗಳನ್ನು ಸಾಲಾಗಿ ಮಾಡುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಮೊದಲು ಲೇಸರ್ ಹೊತ್ತಿಕೊಂಡು ಲೆನ್ಸ್ ಎರಡು ಮೂರು ಸಲ ಏರಿಳಿದು ತಟ್ಟೆಯನ್ನು ಹುಡುಕುತ್ತದೆ. ಆ ಟಿಕ್ ಟಿಕ್ ಸದ್ದು ಅದೇ. ಫೋಕಸ್ ಸಿಕ್ಕರೆ ಮೋಟಾರು ತಿರುಗುತ್ತದೆ. ಆಮೇಲೆ ಸುರುಳಿಯ ಒಳತುದಿಯಲ್ಲಿ ಬರೆದಿರುವ ಹಾಡುಗಳ ಪಟ್ಟಿಯನ್ನು ಓದಿ, ಎಷ್ಟು ಹಾಡು, ಎಷ್ಟು ನಿಮಿಷ ಎಂದು ಪರದೆಗೆ ತರುತ್ತದೆ. ಈ ಸಾಲಿನಲ್ಲಿ ಯಂತ್ರ ಎಲ್ಲಿ ನಿಂತಿತೋ ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಟ್ರೇಯೇ ಹೊರಗೆ ಬರುತ್ತಿಲ್ಲವೆಂದರೆ ಅದು ಹೆಚ್ಚಾಗಿ ಬೆಲ್ಟಿನ ಕೆಲಸ, ಲೇಸರಿಗೆ ಸಂಬಂಧವೇ ಇಲ್ಲ. ರಬ್ಬರ್ ಸಡಿಲಗೊಂಡು ಗಾಲಿಯ ಮೇಲೆ ಜಾರುತ್ತದೆ. ಹಳೆಯ ಬೆಲ್ಟನ್ನು ಅಳೆದುಕೊಂಡು ಅದಕ್ಕಿಂತ ಸ್ವಲ್ಪ ಬಿಗಿಯಾದದ್ದನ್ನು ಹಾಕಿ, ಗಾಲಿಗಳ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಕೆಲಸ ಮುಗಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇಂಥದ್ದನ್ನು ಹುಡುಕಬಹುದು.

ಲೆನ್ಸ್ ಏರಿಳಿದರೂ ತಟ್ಟೆ ತಿರುಗದಿದ್ದರೆ ಮೊದಲ ಅನುಮಾನ ದೂಳಿನ ಮೇಲೆ. ಬೆಳಕು ಲೆನ್ಸಿನ ಮೂಲಕ ಹೋಗಿ, ತಟ್ಟೆಗೆ ತಾಗಿ, ಮತ್ತೆ ಅದೇ ಲೆನ್ಸಿನ ಮೂಲಕ ವಾಪಸಾಗುತ್ತದೆ. ಹೀಗಾಗಿ ತೆಳುಪೊರೆಯೂ ಎರಡು ಸಲ ಅಡ್ಡಬರುತ್ತದೆ. ಸಿಗರೇಟಿನ ಹೊಗೆ, ಊದುಬತ್ತಿ, ಅಡುಗೆಮನೆಯ ಒಗ್ಗರಣೆ ಎಲ್ಲವೂ ಅಲ್ಲಿ ಕೂರುತ್ತವೆ. ಕ್ಯಾಮೆರಾ ಒರೆಸುವವರು ಬಳಸುವ ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಹತ್ತಿಕಡ್ಡಿಗೆ ಒಂದು ಹನಿ ಆಲ್ಕೋಹಾಲ್ ತಾಗಿಸಿ, ಭಾರ ಹಾಕದೆ ಒಂದು ಸುತ್ತು ತಿರುಗಿಸಿದರೆ ಸಾಕು. ಅನೇಕ ಲೆನ್ಸುಗಳು ಪ್ಲಾಸ್ಟಿಕ್ಕಿನವು, ಆದ್ದರಿಂದ ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿರಕ್ಕೂ ಬರಬಾರದು. ಬಾಯಿಂದ ಊದುವುದೂ ಬೇಡ, ಎಂಜಲಿನ ಹನಿ ಬೀಳುತ್ತದೆ.

ಮುಚ್ಚಳ ತೆಗೆಯುವವರು ಮೊದಲು ಪ್ಲಗ್ ಕಿತ್ತು ಕೆಲ ನಿಮಿಷ ಬಿಡಬೇಕು, ದೊಡ್ಡ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಮುಚ್ಚಳವಿಲ್ಲದೆ ಯಂತ್ರ ಓಡಿಸಿ ನೋಡುವಾಗ 230 ವೋಲ್ಟ್ ಹರಿಯುವ ಭಾಗ ಎಲ್ಲಿದೆ ಎಂದು ಮೊದಲೇ ಗುರುತಿಸಿಕೊಂಡಿರಬೇಕು. ಲೆನ್ಸಿನೊಳಕ್ಕೆ ನೇರವಾಗಿ ಇಣುಕಲೇಬಾರದು. 780 ನ್ಯಾನೊಮೀಟರಿನ ಆ ಕಿರಣ ಹೆಚ್ಚುಕಡಿಮೆ ಕಣ್ಣಿಗೆ ಕಾಣದು. ಓರೆಯಿಂದ ಮಂಕು ಕೆಂಪು ಚುಕ್ಕೆಯಂತೆ ತೋರಿದರೂ ನಿಜವಾದ ಬೆಳಕು ಅದಕ್ಕಿಂತ ಬಹಳ ಹೆಚ್ಚು.

ಕೆಲವು ದೋಷಗಳು ತಟ್ಟೆಯ ಯಾವ ಭಾಗದಲ್ಲಿ ಹಾಡು ತಡವರಿಸುತ್ತದೆ ಎಂಬುದರಿಂದಲೇ ತಿಳಿಯುತ್ತವೆ. ಒಳಸುತ್ತಿನಲ್ಲಿ ಸಿಡಿ ನಿಮಿಷಕ್ಕೆ ಸುಮಾರು 500 ಸಲ ತಿರುಗುತ್ತದೆ, ಹೊರಸುತ್ತಿಗೆ ಬರುವಷ್ಟರಲ್ಲಿ ಅದು 200ಕ್ಕೆ ಇಳಿದಿರುತ್ತದೆ. ಅಂದರೆ ಮೋಟಾರಿಗೆ ಅತಿ ಹೆಚ್ಚು ಶ್ರಮ ಮೊದಲನೇ ಹಾಡಿನಲ್ಲಿ. ಮೊದಲ ಹಾಡಿಗೆ ಏದುಸಿರು ಬಿಟ್ಟು ಆರನೆಯದನ್ನು ಸಲೀಸಾಗಿ ಹಾಡುವ ಯಂತ್ರದಲ್ಲಿ ಮೋಟಾರು ಸವೆದಿರಬಹುದು. ಮೊದಲದು ಚೆನ್ನಾಗಿದ್ದು ಕೊನೆಯ ಹಾಡುಗಳಲ್ಲಿ ಎಡವಿದರೆ, ಲೆನ್ಸ್ ಹೊತ್ತ ಗಾಡಿ ಸರಿಯುವ ಕಂಬಿಯಲ್ಲಿ ಗ್ರೀಸ್ ಒಣಗಿ ಅಂಟಾಗಿರಬಹುದು. ಹಳೆಯದನ್ನು ಪೂರ್ತಿ ಒರೆಸಿ, ಹೊಸದನ್ನು ತೆಳ್ಳಗೆ ಸವರಬೇಕು.

ಒಂದೇ ಕಡೆಯ ಸ್ಪೀಕರ್ ಮೂಕವಾದಾಗಲೂ ಲೆನ್ಸ್ ಬದಲಿಸಿಕೊಂಡವರಿದ್ದಾರೆ. ಅದು ಶುದ್ಧ ದಂಡ. ಎಡ ಬಲ ಎರಡೂ ಕಡೆಯ ಸಂಗೀತ ತಟ್ಟೆಯ ಮೇಲೆ ಒಂದೇ ದಾರಿಯಲ್ಲಿ ಹೆಣೆದುಕೊಂಡಿರುತ್ತದೆ. ಒಂದು ಕಿವಿಗೆ ಸರಿಯಾಗಿ ಕೇಳುತ್ತಿದೆ ಎಂದರೆ ಲೇಸರ್ ಎರಡನ್ನೂ ಓದುತ್ತಿದೆ ಎಂದೇ ಅರ್ಥ. ಆಗ ಪ್ಲೇಯರಿನಿಂದ ಬರುವ ಕೇಬಲುಗಳನ್ನು ಆಂಪ್ಲಿಫೈಯರಿನ ತುದಿಯಲ್ಲಿ ಅದಲುಬದಲು ಮಾಡಬೇಕು. ಮೌನ ಇನ್ನೊಂದು ಸ್ಪೀಕರಿಗೆ ದಾಟಿದರೆ ತಪ್ಪು ಪ್ಲೇಯರಿನದು ಅಥವಾ ಕೇಬಲಿನದು, ಇದ್ದಲ್ಲೇ ಇದ್ದರೆ ಆಂಪ್ಲಿಫೈಯರ್ ಅಥವಾ ಸ್ಪೀಕರಿನದು. ಪ್ಲೇಯರೇ ತಪ್ಪಿತಸ್ಥ ಎಂದಾದರೆ ಸದ್ದು ಹೊರಬರುವ ಸಾಕೆಟ್ಟಿನ ಬೆಸುಗೆ, ಮ್ಯೂಟಿಂಗ್ ರಿಲೇ ನೋಡಬೇಕು. ಡಿಜಿಟಲ್ ಔಟ್‌ಪುಟ್ ಇರುವ ಯಂತ್ರವಾದರೆ ಇನ್ನೂ ಸುಲಭ. ಅದನ್ನು ಡಿಜಿಟಲ್ ಸಂಕೇತವನ್ನು ಸದ್ದಿನ ಸಂಕೇತವಾಗಿಸುವ ಹೊರಗಿನ ಡಿಎಸಿಗೆ ಜೋಡಿಸಿದಾಗ ಸಂಗೀತ ಸ್ವಚ್ಛವಾಗಿ ಬಂತೆಂದರೆ ಓದುವ ಅಂಗ ಪೂರ್ತಿ ಆರೋಗ್ಯವಾಗಿದೆ.

ಹಳೆಯ ಯಂತ್ರಗಳಲ್ಲಿ ಲೆನ್ಸಿಗಿಂತ ಮೊದಲು ಸೋಲುವುದು ಬೆಸುಗೆ ಎಂಬುದಕ್ಕೆ 1984ರ ಫಿಲಿಪ್ಸ್ ಸಿಡಿ104ಕ್ಕಿಂತ ಒಳ್ಳೆಯ ಪಾಠವಿಲ್ಲ. ಗ್ರಾಮಫೋನಿನ ತೋಳಿನಂತೆ ಅರ್ಧಚಂದ್ರಾಕಾರದಲ್ಲಿ ಬಾಗುವ ಅದರ ಲೇಸರ್ ತೋಳು ಬಲು ಗಟ್ಟಿ, ಇಂದಿಗೂ ಓದುವಂಥದ್ದು. ಆದರೆ ಸರ್ಕಿಟ್ ಹಲಗೆಯ ಮೇಲುಕೆಳಗನ್ನು ಬೆಸೆಯಲು ಹಾಕಿದ್ದ ಪುಟ್ಟ ಲೋಹದ ಕೊಂಡಿಗಳಲ್ಲಿ ಕಾಲಕ್ರಮೇಣ ಬೆಸುಗೆ ಬಿರುಕು ಬಿಡುತ್ತದೆ. ಯಂತ್ರ ಒಮ್ಮೆ ಹಾಡುತ್ತದೆ, ಮರುಗಳಿಗೆ ಮುನಿಸಿಕೊಳ್ಳುತ್ತದೆ. ಆ ಕೊಂಡಿಗಳಿದ್ದ ತೂತುಗಳಲ್ಲಿ ತಾಮ್ರದ ಎಳೆ ತೂರಿಸಿ ಎರಡೂ ಬದಿಗೆ ಬೆಸುಗೆ ಹಾಕುವುದೇ ಮದ್ದು. ಬೇಸರ ತರಿಸುವಷ್ಟು ನಿಧಾನದ ಕೆಲಸ, ಖರ್ಚು ಮಾತ್ರ ಅತ್ಯಲ್ಪ. ಅರ್ಧ ಗಂಟೆ ಹಾಡಿ ಬಿಸಿಯಾದ ಮೇಲೆ ಮಾತ್ರ ಎಡವುವ ಯಾವುದೇ ಪ್ಲೇಯರಿನಲ್ಲೂ ಇಂಥ ಬಿರುಕನ್ನೋ ಒಣಗಿದ ಕೆಪಾಸಿಟರನ್ನೋ ಮೊದಲು ಹುಡುಕಬೇಕು.

ಇಷ್ಟೆಲ್ಲ ನೋಡಿದ ಮೇಲೂ ಓದುತ್ತಿಲ್ಲವೆಂದರೆ ಆಗ ಲೇಸರಿನ ಸರದಿ. ಅಂಗಡಿಯಲ್ಲಿ ಕೊಂಡ ಸಿಡಿ ಹಾಡುತ್ತದೆ, ಮನೆಯಲ್ಲಿ ಬರೆದುಕೊಂಡ ಸಿಡಿ-ಆರ್ ಮೊದಲು ಹಾಡುತ್ತಿತ್ತು, ಈಗ ಇಲ್ಲ ಎಂದರೆ ಬೆಳಕು ಕುಂದಿರುವ ಸೂಚನೆ, ಏಕೆಂದರೆ ಸಿಡಿ-ಆರ್ ಬೆಳಕನ್ನು ಸ್ವಲ್ಪ ಕಡಿಮೆ ಪ್ರತಿಫಲಿಸುತ್ತದೆ. 1999ರಲ್ಲಿ ಬಂದ ಸೂಪರ್ ಆಡಿಯೊ ಸಿಡಿಯನ್ನೂ ಓದುವ ಯಂತ್ರಗಳಲ್ಲಿ ಎರಡು ಬಗೆಯ ಕಿರಣಗಳಿವೆ: ಸಿಡಿಗೆ 780, ಎಸ್‌ಎಸಿಡಿಗೆ 650 ನ್ಯಾನೊಮೀಟರ್. ಒಂದನ್ನು ಓದಿ ಇನ್ನೊಂದನ್ನು ಒಲ್ಲೆ ಎಂದರೆ ಯಾವ ಕಿರಣದ ಕಡೆ ನೋಡಬೇಕೆಂಬುದು ಅಲ್ಲೇ ಸಿಕ್ಕಿತು.

ಈ ಹಂತದಲ್ಲಿ ಕೈ ತುರಿಸುವುದು ಲೇಸರ್ ಘಟಕದ ಮೇಲಿನ ಪುಟ್ಟ ತಿರುಪನ್ನು ತಿರುಗಿಸಲು. ಅದು ಲೇಸರಿಗೆ ಹರಿಯುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ತಿರುಗಿಸಿದರೆ ಯಂತ್ರ ಕೆಲವು ದಿನ ಹಾಡಲೂಬಹುದು. ಆದರೆ ದಣಿದ ಲೇಸರಿಗೆ ಚಾಟಿ ಬೀಸಿದಂತೆ ಅದು, ಉಳಿದ ಆಯುಸ್ಸೂ ಬೇಗ ತೀರುತ್ತದೆ. ದೂಳಿನಿಂದಷ್ಟೇ ಮಂಕಾಗಿದ್ದ ಒಳ್ಳೆಯ ಲೇಸರುಗಳು ಹೀಗೆ ಸತ್ತಿವೆ. ಸೋನಿಯ ಅನೇಕ ಘಟಕಗಳ ಚೀಟಿಯಲ್ಲಿ ಕೊನೆಯ ಮೂರು ಅಂಕಿಗಳು ಹೊಸದಿದ್ದಾಗಿನ ವಿದ್ಯುತ್ತನ್ನು ಹೇಳುತ್ತವೆ: 487 ಎಂದಿದ್ದರೆ 48.7 ಮಿಲಿಆಂಪಿಯರ್. ಸರ್ವಿಸ್ ಮ್ಯಾನುಯಲ್ ಇಟ್ಟುಕೊಂಡು ಮಲ್ಟಿಮೀಟರಿನಿಂದ ಅಳೆದಾಗ ಅದಕ್ಕಿಂತ ಬಹಳ ಹೆಚ್ಚು ಬಂದರೆ ಮಾತ್ರ ಹೊಸ ಘಟಕ ತರಿಸುವುದು ಸರಿ.

ಹೊಸ ಘಟಕ ಹಾಕುವುದಕ್ಕೂ ಒಂದು ಕ್ರಮವಿದೆ. ಬಟ್ಟೆಯ ತಿಕ್ಕಾಟದಿಂದ ಮೈಯಲ್ಲಿ ಹುಟ್ಟುವ ಸ್ಥಿರವಿದ್ಯುತ್ ಕೂಡ ಲೇಸರನ್ನು ಸುಡಬಲ್ಲದು. ಅದಕ್ಕೇ ಸೋನಿ ಮಾದರಿಯ ಘಟಕಗಳನ್ನು ಕಾಪಾಡಲು ಎರಡು ಬಿಂದುಗಳ ನಡುವೆ ಒಂದು ಹನಿ ಬೆಸುಗೆ ಹಾಕಿ ಕಳಿಸುತ್ತಾರೆ. ರಿಬ್ಬನ್ ಕೇಬಲ್ ಜೋಡಿಸಿದ ಮೇಲೆ ಆ ಹನಿಯನ್ನು ತೆಗೆಯಬೇಕು. ತೆಗೆಯಲು ಮರೆತವರಿಗೆ ಹೊಸ ಲೇಸರೂ ‘ನೋ ಡಿಸ್ಕ್’ ಎಂದೇ ಹೇಳುತ್ತದೆ.

ಹೊರದೇಶದಿಂದ ತಂದ ಯಂತ್ರವಾದರೆ ಹಿಂಬದಿಯ ಚೀಟಿಯನ್ನು ಓದದೆ ಪ್ಲಗ್ ಹಾಕಬಾರದು. ಕೊಲ್ಲಿ ನಾಡಿನಿಂದ ಕರಾವಳಿಯ ಮನೆಗಳಿಗೆ ಬಂದವು ನಮ್ಮ ವೋಲ್ಟೇಜಿಗೆ ಸಾಮಾನ್ಯವಾಗಿ ಹೊಂದುತ್ತವೆ. ಅಮೆರಿಕದ್ದು 120 ವೋಲ್ಟ್, ಜಪಾನಿನದು 100. ಇನ್ನು ಕೆಲವು ದುಬಾರಿ ಯಂತ್ರಗಳಲ್ಲಿ ಸಾಗಣೆಗೆಂದು ಓದುವ ಅಂಗವನ್ನು ಅಡಿಯಿಂದ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಮನೆ ಬದಲಿಸಿದ ಮೇಲೆ ಅದನ್ನು ಬಿಚ್ಚಲು ಮರೆತು ರಿಪೇರಿಗೆ ಒಯ್ದವರೂ ಇದ್ದಾರೆ.

ಎಲ್ಲ ಮುಗಿದು ಮುಚ್ಚಳ ಹಾಕುವ ಮುನ್ನ ಪರೀಕ್ಷೆಗೆ 70 ನಿಮಿಷ ಮೀರಿದ ಸಿಡಿಯನ್ನೇ ಆರಿಸಬೇಕು, ಯಾಕೆಂದರೆ ಗಾಡಿ ಹೊರತುದಿಯವರೆಗೆ ಹೋಗುವುದು ಅಂಥದ್ದರಲ್ಲಿ ಮಾತ್ರ. ಮೊದಲ ಹಾಡಿನಿಂದ ಕೊನೆಯದಕ್ಕೆ, ಕೊನೆಯದರಿಂದ ಮೊದಲಿಗೆ ಹಾರಿಸಿ ನೋಡಬೇಕು. ಆಮೇಲೆ ಪೂರ್ತಿ ಹಾಡಲು ಬಿಟ್ಟು, ರಾತ್ರಿ ಆರಿಸಿ, ಮರುದಿನ ಬೆಳಗ್ಗೆ ತಣ್ಣಗಿರುವಾಗ ಅದೇ ತಟ್ಟೆಯನ್ನು ಇನ್ನೊಮ್ಮೆ ಹಾಕಬೇಕು. ಟಿಕ್ ಟಿಕ್ ಎಂದು ಲೆನ್ಸ್ ಏರಿಳಿದು, ತಟ್ಟೆ ತಿರುಗಿ, ಹಾಡುಗಳ ಸಂಖ್ಯೆ ಪರದೆಯ ಮೇಲೆ ಮೂಡಿದ ಮೇಲೆ ಸ್ಕ್ರೂಗಳನ್ನು ಬಿಗಿಯಬಹುದು.