ಅಂಗಿ ಬದಲಿಸಿದ ಆಟಗಾರ ಪರಕೀಯನೇ?

ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಸುತ್ತಮುತ್ತ ಎಡದಂಡೆ ಕಾಲುವೆಯ ನೀರುಂಡ ನೆಲ್ಲಿನ ಗದ್ದೆಗಳು ಕೊಯ್ಲಾಗಿ ಬರಿದಾದವೆಂದರೆ ಹುಡುಗರಿಗೆ ಹಬ್ಬ. ಗದ್ದೆಯ ಬಯಲೇ ಮೈದಾನ. ಹೆಚ್ಚಿನವರ ಕೈಯಲ್ಲಿ ಕ್ರಿಕೆಟ್ ಬ್ಯಾಟು. ಕೆಲವರು ಕಬಡ್ಡಿಗೆ ಗೆರೆ ಎಳೆಯುತ್ತಾರೆ. ಈಚಿನ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಫುಟ್‌ಬಾಲೂ ಉರುಳತೊಡಗಿದೆ. ಮೈಮೇಲಿನ ಅಂಗಿಗಳನ್ನು ನೋಡಿದರೆ ಸಾಕು, ಯಾರು ಯಾವ ತಂಡದ ಅಭಿಮಾನಿ ಎಂಬುದು ತಿಳಿಯುತ್ತದೆ. ಬಾರ್ಸಿಲೋನಾ ಎಲ್ಲಿದೆಯೆಂದು ಭೂಪಟದಲ್ಲಿ ತೋರಿಸಲಾಗದ ಹುಡುಗನೂ ಮೆಸ್ಸಿಯ ಹತ್ತನೆಯ ನಂಬರಿನ ಅಂಗಿ ತೊಟ್ಟು ಹೆಮ್ಮೆಯಿಂದ ಓಡಾಡುತ್ತಾನೆ.

ಇಂಥ ಹುಡುಗರ ಗುಂಪಿನಲ್ಲಿ ಆಗಾಗ ಒಂದು ಸುದ್ದಿ ಸಿಡಿಲಿನಂತೆ ಬಂದೆರಗುತ್ತದೆ. ಮೆಚ್ಚಿನ ಆಟಗಾರ ತಂಡ ಬಿಡುತ್ತಾನಂತೆ! ಖಚಿತವಾಗಿರುವುದಿಲ್ಲ, ಬರಿಯ ‘ಅಂತೆ’. ಆದರೂ ‘ಅವ ಹೋದ್ರ ನಮ್ ಟೀಮ್ ಮುಗೀತು ಬಿಡು’ ಎಂಬ ನಿಟ್ಟುಸಿರು, ‘ರೊಕ್ಕದ ಆಸೆಗೆ ಹೊಂಟಾನ’ ಎಂಬ ಬೈಗುಳ ಆಗಲೇ ಶುರು. ಊಟ ಸೇರದು, ಪುಸ್ತಕ ಹಿಡಿದರೆ ಓದು ತಲೆಗೆ ಹತ್ತದು. ಮನೆಯ ಹಿರಿಯರಿಗೆ ಇದು ವಿಚಿತ್ರವೆನಿಸುತ್ತದೆ. ಮುಖ ನೋಡಿ ಅರಿಯದ ಯಾವನೋ ಆಟಗಾರ ಎಲ್ಲಿಗೋ ಹೋದರೆ ಇವನಿಗೇನಾಗಬೇಕು?

ಪ್ರಶ್ನೆ ಸಣ್ಣದೆನಿಸಿದರೂ ಉತ್ತರ ಸಣ್ಣದಲ್ಲ.

ಬೆಂಗಳೂರಿನ ನೀಲಿ ಅಂಗಿ

ಕರ್ನಾಟಕದ ಮಟ್ಟಿಗೆ ಒಬ್ಬ ಆಟಗಾರನೊಂದಿಗೆ ಒಂದು ಫುಟ್‌ಬಾಲ್ ಕ್ಲಬ್ಬಿನ ಹೆಸರು ಬೆಸೆದುಕೊಂಡಿದ್ದರೆ ಅದು ಬೆಂಗಳೂರು ಎಫ್‌ಸಿ ಮತ್ತು ಸುನಿಲ್ ಚೆಟ್ರಿ ಅವರದು. 2013ರಲ್ಲಿ ಹುಟ್ಟಿದ ಈ ಕ್ಲಬ್ ತನ್ನ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದು ಅಚ್ಚರಿ ಮೂಡಿಸಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. 2019ರ ಮಾರ್ಚ್‌ನಲ್ಲಿ ಗೋವಾ ತಂಡವನ್ನು 1-0ರಿಂದ ಮಣಿಸಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಎತ್ತಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಅಂಕಣದಲ್ಲಿ ಪಂದ್ಯದುದ್ದಕ್ಕೂ ನಿಂತೇ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳ ಬಳಗ ದೇಶದ ಫುಟ್‌ಬಾಲಿಗೇ ಹೊಸ ಕಳೆ ತಂದಿತು.

ಆದರೆ ನಡುವೆ ಒಂದು ವಿಚಿತ್ರ ಪರಿಸ್ಥಿತಿಯೂ ಇತ್ತು. 2015 ಮತ್ತು 2016ರಲ್ಲಿ ಬೆಂಗಳೂರು ಕ್ಲಬ್ ಇನ್ನೂ ಐ-ಲೀಗಿನಲ್ಲಿತ್ತು. ಸೂಪರ್ ಲೀಗಿನಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಹೀಗಾಗಿ ಚೆಟ್ರಿ ಆ ಲೀಗಿನಲ್ಲಿ ಮುಂಬೈ ಸಿಟಿ ತಂಡದ ಅಂಗಿ ತೊಟ್ಟರು. ಅಲ್ಲಿಯೇ 2015ರಲ್ಲಿ ಆ ಲೀಗಿನಲ್ಲಿ ಹ್ಯಾಟ್ರಿಕ್ ಗಳಿಸಿದ ಮೊದಲ ಭಾರತೀಯರೆನಿಸಿದರು. ಬೆಂಗಳೂರಿನ ಅಭಿಮಾನಿ ಆ ಗೋಲುಗಳಿಗೆ ನಲಿಯಬೇಕೋ, ನಮ್ಮವನು ಬೇರೆಯವರಿಗಾಗಿ ಆಡುತ್ತಿದ್ದಾನೆಂದು ಮರುಗಬೇಕೋ? 2017ರಲ್ಲಿ ಬೆಂಗಳೂರು ಕ್ಲಬ್ಬೇ ಸೂಪರ್ ಲೀಗಿಗೆ ಬಂದಾಗ ಈ ಇಬ್ಬಂದಿ ತಪ್ಪಿತು.

ಇಲ್ಲಿ ಮರೆಯಬಾರದ ಮಾತೊಂದಿದೆ. ಬೆಂಗಳೂರಿನವರು ‘ನಮ್ಮ ಚೆಟ್ರಿ’ ಎನ್ನುವ ಈ ಆಟಗಾರ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಇಲ್ಲಿಗೆ ಬರುವ ಮುನ್ನ ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ ಮೊದಲಾದ ಕ್ಲಬ್ಬುಗಳಲ್ಲಿ ಆಡಿದವರು. ಒಂದು ಊರಿಗೆ ಬಂದ ತಾರೆ ಇನ್ನೊಂದು ಊರನ್ನು ಬಿಟ್ಟು ಬಂದವನೇ ಆಗಿರುತ್ತಾನೆ. ಬರುವಾಗ ಆರತಿ ಎತ್ತಿದವರಿಗೆ ಇದು ನೆನಪಾಗುವುದಿಲ್ಲ. ಹೋಗುವಾಗ ಮಾತ್ರ ‘ದ್ರೋಹ’ ಎಂಬ ಪದ ನಾಲಿಗೆಗೆ ಬರುತ್ತದೆ.

ಕಣ್ಣೀರು, ಬೆಂಕಿ, ಹಂದಿಯ ತಲೆ

ಫುಟ್‌ಬಾಲನ್ನೇ ಉಸಿರಾಡುವ ಯುರೋಪಿನಲ್ಲಿ ಈ ಸಿಟ್ಟು ಯಾವ ಮಟ್ಟಕ್ಕೆ ಹೋಗುತ್ತದೆಂಬುದಕ್ಕೆ ನಿದರ್ಶನಗಳು ಬೇಕಷ್ಟಿವೆ. 2005ರಲ್ಲಿ ಲಿವರ್‌ಪೂಲ್ ತಂಡಕ್ಕೆ ಯುರೋಪಿನ ಕಿರೀಟ ತಂದುಕೊಟ್ಟ ನಾಯಕ ಸ್ಟೀವನ್ ಜೆರಾರ್ಡ್ ಕೆಲವೇ ವಾರಗಳಲ್ಲಿ ಹೊಸ ಕರಾರನ್ನು ನಿರಾಕರಿಸಿದರು. ಚೆಲ್ಸಿ ಕ್ಲಬ್ ಅವರಿಗಾಗಿ ಕಾದಿತ್ತು. ನಿನ್ನೆಯವರೆಗೆ ಜೈಕಾರ ಹಾಕಿದವರೇ ಅವರ ಹೆಸರಿನ ಅಂಗಿಗೆ ಬೆಂಕಿಯಿಟ್ಟರು. ಮರುದಿನ ಜೆರಾರ್ಡ್ ಮನಸ್ಸು ಬದಲಿಸಿ ಉಳಿದರು. ಬೆಂಕಿ ಇಟ್ಟವರು ಮತ್ತೆ ಜೈಕಾರಕ್ಕೆ ಮರಳಿದರು!

2010ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ವೇಯ್ನ್ ರೂನಿ ತಂಡ ಬಿಡುವ ಮಾತಾಡಿದಾಗ ಮುಖ ಮುಚ್ಚಿಕೊಂಡ ಗುಂಪೊಂದು ಅವರ ಮನೆಯ ಮುಂದೆಯೇ ಜಮಾಯಿಸಿತು. ಎರಡೇ ದಿನಗಳಲ್ಲಿ ಅವರೂ ಐದು ವರ್ಷಗಳ ಹೊಸ ಕರಾರಿಗೆ ಸಹಿ ಹಾಕಿದರು. ಲೂಯಿಸ್ ಫಿಗೊ ಮಾತ್ರ ಉಳಿಯಲಿಲ್ಲ. 2000ದಲ್ಲಿ ಬಾರ್ಸಿಲೋನಾ ಬಿಟ್ಟು ಕಡುವೈರಿ ರಿಯಲ್ ಮ್ಯಾಡ್ರಿಡ್ ಸೇರಿದರು. 2002ರಲ್ಲಿ ಹಳೆಯ ಮೈದಾನದಲ್ಲಿ ಕಾರ್ನರ್ ಒದೆಯಲು ಹೋದಾಗ ಪ್ರೇಕ್ಷಕರು ಎಸೆದ ವಸ್ತುಗಳಲ್ಲಿ ಒಂದು ಹಂದಿಯ ತಲೆಯೂ ಇತ್ತು.

2020ರ ಆಗಸ್ಟ್‌ನಲ್ಲಿ ಲಿಯೊನೆಲ್ ಮೆಸ್ಸಿ ತಾನು ಬಾರ್ಸಿಲೋನಾ ಬಿಡುವುದಾಗಿ ಕ್ಲಬ್ಬಿಗೆ ಬರೆದರು. ಆಗ ಅಭಿಮಾನಿಗಳ ಸಿಟ್ಟು ಮೆಸ್ಸಿಯ ಮೇಲೆ ತಿರುಗಲಿಲ್ಲ. ಕ್ಯಾಂಪ್ ನೌ ಮೈದಾನದ ಮುಂದೆ ಸೇರಿದವರು ಕ್ಲಬ್ಬಿನ ಅಧ್ಯಕ್ಷರ ರಾಜೀನಾಮೆಗೆ ಒತ್ತಾಯಿಸಿದರು. ಆ ವರ್ಷ ಉಳಿದ ಮೆಸ್ಸಿ 2021ರ ಆಗಸ್ಟ್‌ನಲ್ಲಿ ಕ್ಲಬ್ಬಿನ ಹಣಕಾಸಿನ ಮುಗ್ಗಟ್ಟಿನಿಂದಾಗಿ ಅಳುತ್ತಲೇ ವಿದಾಯ ಹೇಳಬೇಕಾಯಿತು. ಅದೇ ಅಭಿಮಾನ, ಅದೇ ಅಗಲಿಕೆ. ಆದರೆ ಒಂದೆಡೆ ಕಣ್ಣೀರು, ಇನ್ನೊಂದೆಡೆ ಹಂದಿಯ ತಲೆ. ‘ಅವನೇ ಬಿಟ್ಟ’ ಎನಿಸಿದರೆ ಸಿಟ್ಟು, ‘ಬಿಡುವಂತೆ ಮಾಡಿದರು’ ಎನಿಸಿದರೆ ದುಃಖ. ಎಲ್ಲಿಗೆ ಹೋದ ಎಂಬುದೂ ಮುಖ್ಯವೇ. ದೂರದೂರಿಗೆ ಹೋದವನನ್ನು ಕ್ಷಮಿಸಬಹುದು, ಎದುರು ಮನೆಗೆ ಹೋದವನನ್ನಲ್ಲ.

ಮನಸ್ಸಿನ ಲೆಕ್ಕಾಚಾರ

ವಿಜ್ಞಾನಿಗಳು ಈ ‘ನಮ್ಮವರು’ ಎಂಬ ಭಾವವನ್ನು ಪರೀಕ್ಷೆಗೊಡ್ಡಿದ್ದಾರೆ. 1970ರ ಸುಮಾರಿಗೆ ಹೆನ್ರಿ ತಾಜ್ಫೆಲ್ ಎಂಬ ಮನೋವಿಜ್ಞಾನಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರನ್ನು ತೀರ ಕ್ಷುಲ್ಲಕ ಕಾರಣಗಳ ಮೇಲೆ ಗುಂಪುಗಳಾಗಿ ವಿಂಗಡಿಸಿದರು. ತೆರೆಯ ಮೇಲಿನ ಚುಕ್ಕೆಗಳನ್ನು ಹೆಚ್ಚೆಂದು ಅಂದಾಜು ಮಾಡಿದವರು ಒಂದು ಗುಂಪು, ಕಡಿಮೆಯೆಂದವರು ಇನ್ನೊಂದು. ತನ್ನ ಗುಂಪಿನಲ್ಲಿ ಯಾರಿದ್ದಾರೆಂದೇ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ಹಣ ಹಂಚುವಾಗ ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು! ಚುಕ್ಕೆ ಎಣಿಸಿ ಹುಟ್ಟಿದ ಗುಂಪಿಗೇ ಇಷ್ಟು ಒಲವಾದರೆ, ಬಣ್ಣ, ಹಾಡು, ಊರಿನ ಹೆಸರು ಎಲ್ಲ ಇರುವ ಕ್ಲಬ್ಬಿಗೆ ಎಷ್ಟಿರಬೇಡ?

1976ರಲ್ಲಿ ಅಮೆರಿಕದ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಇನ್ನೊಂದು ಸ್ವಾರಸ್ಯ ಕಂಡರು. ಕಾಲೇಜು ತಂಡ ಗೆದ್ದ ನಂತರದ ಸೋಮವಾರ ಕಾಲೇಜಿನ ಹೆಸರಿರುವ ಅಂಗಿ ತೊಟ್ಟು ಬರುವ ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿತ್ತು. ಗೆಲುವನ್ನು ವಿವರಿಸುವಾಗ ‘ನಾವು’ ಎಂಬ ಪದ ಹೆಚ್ಚು ಬರುತ್ತಿತ್ತು. ಸೋತಾಗ ಅದು ‘ಅವರು’ ಆಗುತ್ತಿತ್ತು. ತಾರೆಯ ಬೆಳಕಿನಲ್ಲಿ ತಾನೂ ಮೈ ಕಾಯಿಸಿಕೊಳ್ಳುವ ಅಭಿಮಾನಿಗೆ, ಆ ತಾರೆ ಹೊರಟುನಿಂತರೆ ತನ್ನ ಬೆಳಕೇ ಆರಿದಂತೆ ಅನಿಸುವುದು ಸಹಜ.

ಹಾಗಾದರೆ ಹೋಗುವುದು ಖಚಿತವಾದ ಮೇಲೆ ಇಲ್ಲದ ಸಂಕಟ ಗಾಳಿಸುದ್ದಿಯ ದಿನಗಳಲ್ಲಿ ಏಕೆ? 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಸುಳಿವಿದೆ. 45 ಸ್ವಯಂಸೇವಕರು ಕಂಪ್ಯೂಟರ್ ಆಟವೊಂದರಲ್ಲಿ ಕಲ್ಲಿನಡಿ ಹಾವಿದೆಯೇ ಎಂದು ಊಹಿಸಬೇಕಿತ್ತು. ಹಾವಿದ್ದರೆ ಕೈಗೆ ಸಣ್ಣ ವಿದ್ಯುತ್ ಆಘಾತ. ಆಘಾತ ಖಂಡಿತ ಎಂದು ಗೊತ್ತಿದ್ದಾಗ ಇದ್ದುದಕ್ಕಿಂತ, ಆಗಬಹುದು ಆಗದಿರಬಹುದು ಎಂಬ ಅರ್ಧಂಬರ್ಧ ಸ್ಥಿತಿಯಲ್ಲಿ ಅವರ ಒತ್ತಡ ಹೆಚ್ಚಿತ್ತು. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಟಗಾರನ ಕಡೆಯಿಂದ ನೋಡಿದರೆ

ಅಭಿಮಾನಿಗೆ ಕ್ಲಬ್ ಎಂದರೆ ಭಕ್ತಿ. ಆಟಗಾರನಿಗೆ ಅದು ದುಡಿಮೆಯ ಜಾಗವೂ ಹೌದು. ಹಿಂದೆ ಯುರೋಪಿನಲ್ಲಿ ಕರಾರು ಮುಗಿದ ಆಟಗಾರನನ್ನೂ ಹಳೆಯ ಕ್ಲಬ್ ಹಣ ಕೇಳಿ ತಡೆಯಬಹುದಿತ್ತು. ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್ ಎಂಬ ಸಾಮಾನ್ಯ ಆಟಗಾರ ಇದರ ವಿರುದ್ಧ ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಕರಾರು ಮುಗಿದ ಆಟಗಾರ ಸ್ವತಂತ್ರನಾದ. ಇಂದು ಕೇಳಿಬರುವ ‘ಬಿಡುತ್ತಾನಂತೆ’ ಸುದ್ದಿಗಳ ಬೇರು ಬಹುಪಾಲು ಆ ತೀರ್ಪಿನಲ್ಲಿದೆ.

ಆಟಗಾರನ ಬಂಡವಾಳ ಅವನ ಮೈಕಟ್ಟು. ಅದು ಬಾಳುವುದು ಸಾಮಾನ್ಯವಾಗಿ ಕೆಲವೇ ವರ್ಷ. ಕಬಡ್ಡಿ ಪ್ರಿಯರಿಗೆ ಪವನ್ ಸೆಹ್ರಾವತ್ ಗೊತ್ತು. 2019ರ ಜನವರಿಯ ಫೈನಲ್‌ನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ದೊರಕಿಸಿದವರು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರನ್ನು 2 ಕೋಟಿ 26 ಲಕ್ಷ ರೂಪಾಯಿಗೆ ಕೊಂಡಿತು. ಬೆಂಗಳೂರಿನವರಿಗೆ ಬೇಸರವೋ ಬೇಸರ. ಆದರೆ ಹೊಸ ತಂಡದ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಸೀಸನ್ ಅವರು ಹೊರಗುಳಿದರು. ಇಂಥ ಪೆಟ್ಟು ಯಾವ ದಿನ ಬೀಳುವುದೋ ಎಂಬ ಅಂಜಿಕೆಯಲ್ಲಿ ದುಡಿಯುವವನು ನಾಲ್ಕು ಕಾಸು ಹೆಚ್ಚು ಸಿಗುವೆಡೆ ನೋಡಿದರೆ ತಪ್ಪೆನ್ನಬಹುದೇ?

ಕ್ಲಬ್ಬುಗಳೇನು ಸದಾ ಆಟಗಾರನ ಕೈ ಹಿಡಿದಿರುತ್ತವೆಯೇ? ಅದೂ ಇಲ್ಲ. ಟೆಸ್ಟ್ ಪಂದ್ಯದಲ್ಲಿ ತ್ರಿಶತಕ ಬಾರಿಸಿದ ಕರುಣ್ ನಾಯರ್‌ಗೆ ಕರ್ನಾಟಕ ತಂಡದಲ್ಲೇ ಜಾಗ ತಪ್ಪಿತು. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2024-25ರಲ್ಲಿ ಆ ತಂಡದೊಂದಿಗೆ ರಣಜಿ ಟ್ರೋಫಿ ಗೆದ್ದರು. ಮುಂದಿನ ಸೀಸನ್ನಿಗೆ ಕರ್ನಾಟಕಕ್ಕೆ ಮರಳಿದರು. 2025ರ ಆಗಸ್ಟ್‌ನಲ್ಲಿ ಸೂಪರ್ ಲೀಗಿನ ಭವಿಷ್ಯವೇ ತೂಗುಯ್ಯಾಲೆಯಲ್ಲಿದ್ದಾಗ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ನಿಷ್ಠೆಯನ್ನು ಆಟಗಾರನೊಬ್ಬನಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ ಎಂಬುದಕ್ಕೆ ಇವು ಸಾಕ್ಷಿ.

ಗುಳೆ ಅರಿತ ಸೀಮೆ

ರಾಯಚೂರು ಸೀಮೆಯವರಿಗೆ ಇದು ಬೇಗ ಅರ್ಥವಾಗಬೇಕಾದ ವಿಷಯ. ಮಳೆ ಕೈಕೊಟ್ಟ ವರ್ಷ, ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದ ವರ್ಷ ಎಷ್ಟು ಮನೆಗಳ ಬಾಗಿಲಿಗೆ ಬೀಗ ಬೀಳುತ್ತದೆ! ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಗುಳೆ ಹೊರಟವರನ್ನು ಊರದ್ರೋಹಿಗಳೆಂದು ಯಾರೂ ಕರೆಯುವುದಿಲ್ಲ. ಮಗ ಓದಿ ದೊಡ್ಡ ಕೆಲಸ ಹಿಡಿದು ಪರದೇಶಕ್ಕೆ ಹೊರಟರೆ ಪೇಡೆ ಹಂಚುತ್ತಾರೆ. ತನ್ನ ಮಗನಿಗೆ ಸಲ್ಲುವ ನ್ಯಾಯ ಮೈದಾನದ ಹುಡುಗನಿಗೆ ಏಕೆ ಸಲ್ಲಬಾರದು?

ಹಾಗೆಂದು ದುಃಖಪಡುವುದೇ ತಪ್ಪೆಂದಲ್ಲ. ಸರ್ಕಾರಿ ಶಾಲೆಯ ಮೆಚ್ಚಿನ ಮೇಷ್ಟ್ರಿಗೆ ವರ್ಗವಾದಾಗ ಮಕ್ಕಳು ಕಾಲಿಗೆ ಬಿದ್ದು ಅಳುವುದನ್ನು, ಊರವರು ವರ್ಗಾವಣೆ ರದ್ದು ಮಾಡಿರೆಂದು ಮನವಿ ಕೊಡುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಆ ಮೇಷ್ಟ್ರ ಫೋಟೋಕ್ಕೆ ಬೆಂಕಿ ಹಚ್ಚಿದವರಿಲ್ಲ. ಹಾರ ಹಾಕಿ, ಬಸ್ಸಿನವರೆಗೆ ಹೋಗಿ ಕಳಿಸಿಬರುತ್ತಾರೆ. ಅಭಿಮಾನಿಗೂ ಇದೇ ಮಾದರಿ. 2020ರಲ್ಲಿ ಸಂದೇಶ್ ಜಿಂಗಾನ್ ಕೇರಳ ಬ್ಲಾಸ್ಟರ್ಸ್ ಬಿಟ್ಟಾಗ, ಅವರ ಮೇಲಿನ ಗೌರವದಿಂದ 21ನೆಯ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಆ ಕ್ಲಬ್ ಸಾರಿದ್ದೂ ಇಂಥದೇ ಬೀಳ್ಕೊಡುಗೆ.

ತಂದೆತಾಯಿಗಳು ಮಗನ ಸಂಕಟವನ್ನು ‘ಹುಚ್ಚು’ ಎಂದು ತಳ್ಳಿಹಾಕದಿರುವುದು ಒಳ್ಳೆಯದು. ಅವನ ನೋವು ನಿಜ. ಆದರೆ ಆ ನೋವು ಆಟಗಾರನನ್ನೋ ಅವನ ಮನೆಯವರನ್ನೋ ಮೊಬೈಲಿನಲ್ಲಿ ಹೀಗಳೆಯುವ ಕಡೆಗೆ, ಗೆಳೆಯರೊಡನೆ ಹೊಡೆದಾಟದ ಕಡೆಗೆ ತಿರುಗಿದಾಗ ತಡೆಯಬೇಕಾದವರೂ ಅವರೇ. ‘ನೀನು ಅವನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ?’ ಎಂಬ ಒಂದು ಪ್ರಶ್ನೆ ಹತ್ತು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡೀತು. ನಾಳೆ ಅದೇ ಮಗ ಕಾಲೇಜಿಗೆಂದೋ ನೌಕರಿಗೆಂದೋ ಊರು ಬಿಡುವವನೇ. ಬಿಟ್ಟು ಹೋಗುವುದು ಬೇರೆ, ಮರೆಯುವುದು ಬೇರೆ ಎಂಬ ಪಾಠವನ್ನು ಅವನು ಆಟದಿಂದಲೇ ಕಲಿತರೆ ನಷ್ಟವಿಲ್ಲ.

ಇನ್ನು ತಂಡದ ಗತಿ? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಸುಮಾರು ಹತ್ತು ವರ್ಷ ಅಲ್ಲಿ ಮೆರೆದರು. ಕಲ್ಕತ್ತೆಗೆ ಹೋದ ಬೆಂಗಳೂರಿಗರು ಅವರೊಬ್ಬರೇ ಅಲ್ಲ. ಆದರೂ 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರು ತಂಡ 1952-53ರಲ್ಲಿ ಮತ್ತೆ ಗೆದ್ದಿತು. 1967-68 ಮತ್ತು 1968-69ರಲ್ಲೂ ಗೆದ್ದಿತು. 2023ರ ಮಾರ್ಚ್‌ನಲ್ಲಿ ಕರ್ನಾಟಕದ ಹೊಸ ಹುಡುಗರು ರಿಯಾದ್‌ನಲ್ಲಿ ಮೇಘಾಲಯವನ್ನು ಮಣಿಸಿ 54 ವರ್ಷಗಳ ನಂತರ ಅದೇ ಟ್ರೋಫಿಯನ್ನು ಮನೆಗೆ ತಂದರು. ಮೆಸ್ಸಿ ಇಲ್ಲದ ಬಾರ್ಸಿಲೋನಾ 2022-23ರಲ್ಲೂ 2024-25ರಲ್ಲೂ ಸ್ಪೇನಿನ ಲೀಗ್ ಗೆದ್ದಿತು. ಒಬ್ಬ ಹೋದರೆ ಅವನ ಜಾಗದಲ್ಲಿ ಯಾವನೋ ಹೆಸರಿಲ್ಲದ ಹುಡುಗನಿಗೆ ಅವಕಾಶ ತೆರೆಯುತ್ತದೆ. ಆ ಹುಡುಗ ಬೆಂಗಳೂರಿನವನೇ ಆಗಿರಬೇಕೆಂದೇನಿಲ್ಲ. ನೆಲ್ಲಿನ ಗದ್ದೆಯಲ್ಲಿ ಬರಿಗಾಲಲ್ಲಿ ಓಡಿದವನೂ ಆಗಿರಬಹುದು.